ಎರಡನೆಯ ಬ್ರೇಕು

ಬೆಳಿಗ್ಗೆ ಏಳಕ್ಕೆ ಹಿಟ್ಟಿನ ಗಿರಣಿ ಶುರುವಾಗುತ್ತದೆ. ಮೊದಲು ಮೋಟರಿನ ಗುಂಯ್ ಎನ್ನುವ ಸದ್ದು, ಅದರ ಬೆನ್ನಿಗೇ ಬೆಲ್ಟಿನ ಪಟಪಟ, ಕಲ್ಲುಗಳು ಒಂದನ್ನೊಂದು ಹಿಡಿದುಕೊಂಡ ಮೇಲೆ ಒಂದೇ ಸಮನೆಯ ಮೊರೆತ. ಗಿರಣಿಯ ಗೋಡೆಗೆ ಅಂಟಿಕೊಂಡ ಮನೆಯಲ್ಲಿ ಆ ಹೊತ್ತಿಗೆ ಅಡುಗೆಕಟ್ಟೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಮಾತಾಡತೊಡಗುತ್ತವೆ. ಮನೆಯ ಯಜಮಾನರು ಗಡಿಯಾರ ನೋಡುವವರಲ್ಲ. ಲೋಟಗಳು ಶುರುಮಾಡಿದಾಗ ಎದ್ದು ಶೂ ಹಾಕಿಕೊಳ್ಳುತ್ತಾರೆ, ಬಾಗಿಲ ಹಿಂದಿನ ಮೊಳೆಯಿಂದ ಕೀ ತೆಗೆದುಕೊಳ್ಳುತ್ತಾರೆ, ಓಣಿಯಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದ ಬಿಳಿಯ ಹಳೆಯ ಕಾರನ್ನು ಸ್ಟಾರ್ಟ್ ಮಾಡುತ್ತಾರೆ. ಸ್ಟಾರ್ಟ್ ಆಯಿತೆಂದು ಅವರಿಗೆ ತಿಳಿಯುವುದು ಸ್ಟಿಯರಿಂಗ್ ಮೇಲಿಟ್ಟ ಅಂಗೈಯಿಂದ. ಕಿವಿಯ ತುಂಬ ಗಿರಣಿಯೇ ಇರುತ್ತದೆ.

ಊರಿನವರು ಅವರನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ, ಎದುರಿಗೆ ಬರೀ ಮೇಷ್ಟ್ರು. ಹತ್ತೊಂಬತ್ತು ವರ್ಷಗಳಿಂದ ಇದೇ ಕಾರಿನಲ್ಲಿ ಜನರಿಗೆ ಗಾಡಿ ಓಡಿಸಲು ಕಲಿಸುತ್ತಿದ್ದಾರೆ. ಅದಕ್ಕೂ ಮೊದಲು ಒಂದು ಕಾರ್ಖಾನೆಯ ಸಾಹೇಬರಿಗೆ ಚಾಲಕರಾಗಿದ್ದರು. ಕಾರ್ಖಾನೆ ಮುಚ್ಚಿದಾಗ ಸಾಹೇಬರು ಊರು ಬಿಟ್ಟರು, ಕಾರು ಇವರ ಪಾಲಿಗೆ ಬಂತು. ಹೆಂಡತಿ ಮನೆಯಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದಳು. ಕ್ಯಾಲಿಕೊ ಬಟ್ಟೆ ಅಂಟಿಸುವ ಅದೇ ಕೈಯಿಂದ ತಗಡಿನ ಮೇಲೆ 'ಕಲಿಯುವವರಿದ್ದಾರೆ, ದೂರವಿರಿ' ಎಂದು ಬರೆದುಕೊಟ್ಟಳು. ಶಾಲೆ ಶುರುವಾಯಿತು. ಒಂದು ಕಾರು, ಒಬ್ಬ ಮೇಷ್ಟ್ರು.

ಪಕ್ಕದ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ, ಇನ್ನೊಂದು ಬ್ರೇಕ್ ಪೆಡಲು ಇದೆ. ಕಬ್ಬಿಣದ ಸರಳೊಂದು ಅದನ್ನು ಚಾಲಕನ ಬ್ರೇಕಿಗೆ ಜೋಡಿಸುತ್ತದೆ. ಇದನ್ನು ಒತ್ತಿದರೆ ಅದೂ ಕೆಳಗಿಳಿಯುತ್ತದೆ. ಕಲಿಸುವ ಕಾರುಗಳಿಗೆಲ್ಲ ಇಂಥದ್ದೊಂದು ಇರುತ್ತದೆ, ಅಪಾಯ ಬಂದಾಗ ಒತ್ತಲಿಕ್ಕೆ. ಮೊದಲ ವರ್ಷ ಮೇಷ್ಟ್ರು ಹಾಗೆಯೇ ಬಳಸುತ್ತಿದ್ದರು. ಒಂದು ಭಾನುವಾರ ಬ್ಯಾಂಕಿನ ಗುಮಾಸ್ತನೊಬ್ಬ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿದ. ಕಾರು ಪ್ರಾಥಮಿಕ ಶಾಲೆಯ ಕಾಂಪೌಂಡ್ ಗೋಡೆ ಒಡೆದುಕೊಂಡು ಒಳಗೆ ಹೋಗಿ ನಿಂತಿತು. ರಜೆಯ ದಿನ, ಯಾರೂ ಇರಲಿಲ್ಲ. ಒಂದು ಇಟ್ಟಿಗೆ ಹಾರಿ ಹೋಗಿ ಮಕ್ಕಳ ಉಯ್ಯಾಲೆಯ ಹಲಗೆಗೆ ಬಡಿದಿತ್ತು. ಮೇಷ್ಟ್ರು ಕಾರಿನಿಂದ ಇಳಿದಾಗ ಉಯ್ಯಾಲೆ ಇನ್ನೂ ತೂಗುತ್ತಿತ್ತು. ಅದು ನಿಲ್ಲುವವರೆಗೆ ಅವರು ನೋಡುತ್ತ ನಿಂತಿದ್ದರಂತೆ.

ಅಂದಿನಿಂದ ಅವರ ಬಲಗಾಲು ಆ ಪೆಡಲಿನ ಮೇಲಿಂದ ಇಳಿದದ್ದಿಲ್ಲ. ಒತ್ತುತ್ತಿರಲಿಲ್ಲ, ಇಟ್ಟಿರುತ್ತಿದ್ದರು. ಆದರೆ ಕಾಲಿಗೂ ತೂಕವಿದೆ. ಕಾರಿನ ಹಿಂದಿನ ಕೆಂಪು ದೀಪಗಳು ಹೋಗುವಾಗಲೂ ನಿಲ್ಲುವಾಗಲೂ ಉರಿಯುತ್ತಿದ್ದವು. ಹೆಸರು ಬಂದದ್ದು ಹಾಗೆ. ಒಂದು ಶೂವಿನ ಅಟ್ಟೆ ಮಾತ್ರ ಸವೆದಿರುವುದನ್ನು ನೋಡಿದ ಚಮ್ಮಾರ, "ಒಂದು ಕಾಲಲ್ಲೇ ಊರು ಸುತ್ತಿದೀರಾ ಮೇಷ್ಟ್ರೇ?" ಎಂದು ಕೇಳಿದ್ದ. ಸ್ವಂತ ಮಗಳು ಎದುರುಬೀದಿಯ ಇನ್ನೊಂದು ಶಾಲೆಗೆ ಸೇರಿ ಹದಿನೆಂಟೇ ದಿನಕ್ಕೆ ಲೈಸೆನ್ಸ್ ತಂದಿದ್ದಳು. ಆ ವಿಷಯ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ಕಲಿಸುವುದರಲ್ಲಿ ಅವರು ಕೆಟ್ಟವರಲ್ಲ. ತಾಳ್ಮೆಯಿತ್ತು, ದನಿ ಏರಿಸುತ್ತಿರಲಿಲ್ಲ. ಒಂದು ನಂಬಿಕೆ ಮಾತ್ರ ಗಟ್ಟಿಯಾಗಿತ್ತು: ಕಲಿಯುವವರ ಕೈಯಲ್ಲಿ ಗಾಡಿ ಆಫ್ ಆದರೆ ಅದು ಕ್ಲಚ್‌ನ ತಪ್ಪು, ಅಂದರೆ ಕಾಲಿನ ತಪ್ಪು. ಎಡಗಾಲು ಬೇಗ ಎತ್ತಿದರೆ ಎಂಜಿನ್ ನಿಲ್ಲುತ್ತದೆ. ಹೊಸಬರೆಲ್ಲ ಬೇಗ ಎತ್ತುತ್ತಾರೆ. ಇದರಲ್ಲಿ ಯೋಚಿಸುವುದೇನಿದೆ? ಯಾರಾದರೂ "ತಾನಾಗೇ ಆಫ್ ಆಯ್ತು ಸರ್" ಎಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಗುತ್ತಿದ್ದರು. ಕಲಿಯುವವರೂ ನಗುತ್ತಿದ್ದರು. ಮೇಷ್ಟ್ರು ಹೇಳಿದ ಮೇಲೆ ನೆಲ ಡೊಂಕಿರಲು ಸಾಧ್ಯವಿಲ್ಲ.

ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಹೆಂಗಸು ಅವರ ಬಳಿ ಕಲಿಯಲು ಬಂದದ್ದು ಈ ವರ್ಷದ ಶುರುವಿನಲ್ಲಿ. ನಲವತ್ತೆರಡರ ವಯಸ್ಸು. ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷ ಒದ್ದೆ ಹಾಸಿಗೆ ಬಟ್ಟೆಗಳ ಗಂಟು ಎತ್ತಿ ಎತ್ತಿ ಆಕೆಯ ಬಲಭುಜ ಕೂತುಹೋಗಿತ್ತು. ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಮೂಳೆ ಡಾಕ್ಟರು ಇನ್ನು ಭಾರ ಎತ್ತಕೂಡದೆಂದು ಬರೆದುಕೊಟ್ಟಿದ್ದರು. ಭಾರ ಎತ್ತದವರಿಗೆ ಅಲ್ಲಿ ಕೆಲಸವಿಲ್ಲ. ಆಸ್ಪತ್ರೆಯ ಶಾಖೆಗಳಿಗೆ ಒಗೆದ ಬಟ್ಟೆ ತಲುಪಿಸುವ ವ್ಯಾನಿನ ಚಾಲಕ ಈ ತಿಂಗಳ ಕೊನೆಗೆ ನಿವೃತ್ತನಾಗುವವನಿದ್ದ. ಅಷ್ಟರೊಳಗೆ ಲೈಸೆನ್ಸ್ ತಂದರೆ ಜಾಗ ನಿನ್ನದು, ಇಲ್ಲವಾದರೆ ಹೊರಗಿನವರು ಎಂದು ಮೇಲ್ವಿಚಾರಕರು ಹೇಳಿದ್ದರು. ಎತ್ತಿ ಹಾಕುವ ಕೆಲಸ ಬೇರೆಯವರದು, ಈಕೆ ಕೂತು ಓಡಿಸಿದರೆ ಸಾಕು.

ಆಕೆ ಮೊದಲ ಪರೀಕ್ಷೆಯಲ್ಲಿ ಫೇಲಾದಳು, ಎರಡನೆಯದರಲ್ಲೂ. ಎರಡು ಸಲವೂ ನಿಲ್ಲುಗೆರೆಯ ಬಳಿ ಕಾರು ನಡುಗಿ ಆಫ್ ಆಯಿತು, ಮತ್ತೆ ಸ್ಟಾರ್ಟ್ ಮಾಡಿ ದಿಣ್ಣೆ ಹತ್ತಿ ನಿಂತಾಗ ಇನ್ನೊಮ್ಮೆ. ಎರಡು ಸಲ ಫೇಲಾದವರು ಮೂರು ತಿಂಗಳು ಕಾಯಬೇಕೆಂಬುದು ನಿಯಮ. ತಿಂಗಳ ಕೊನೆಗೆ ಮೂರು ವಾರವಷ್ಟೇ ಉಳಿದಿತ್ತು. ಪರೀಕ್ಷೆಯ ಮೈದಾನದ ಗೇಟಿನ ಹತ್ತಿರ ಆಕೆ, ಗಾಡಿ ತಾನೇ ನಿಂತಿತು, ನಾನೇನೂ ಮಾಡಲಿಲ್ಲ ಎಂದು ಮೆಲ್ಲಗೆ ಹೇಳಿದಳು. ಮೇಷ್ಟ್ರು ಈ ಸಲ ಗಾದೆ ಹೇಳಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಬಹಳ ಮೆತ್ತಗೆ ಹೇಳಿದರು.

"ಬಿಟ್ಬಿಡಿಯಮ್ಮ. ಎಲ್ಲರ ಕಾಲಿಗೂ ಗಾಡಿ ಒಲಿಯಲ್ಲ."

ಆಕೆ ತಲೆಯಾಡಿಸಿ ಬಸ್ ನಿಲ್ದಾಣದ ಕಡೆ ಹೋದಳು. ಮರುದಿನದಿಂದ ಬರಲಿಲ್ಲ.

ಮೂರು ದಿನ ಕಳೆದ ಮೇಲೆ ಒಬ್ಬ ಲಾರಿ ಚಾಲಕ ಬಂದ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನು, ಲೈಸೆನ್ಸ್ ನವೀಕರಿಸುವುದನ್ನು ಮರೆತು ಈಗ ಮತ್ತೆ ಪರೀಕ್ಷೆಗೆ ಕೂರಬೇಕಾಗಿತ್ತು. ಅಭ್ಯಾಸ ಬೇಕಾಗಿರಲಿಲ್ಲ, ಕಾರಿನ ಅಳತೆ ಕೈಗೆ ಹತ್ತಬೇಕಿತ್ತು, ಅಷ್ಟೇ. ಅವನ ದೊಡ್ಡ ಕೈಯಲ್ಲಿ ಸ್ಟಿಯರಿಂಗ್ ತಟ್ಟೆಯ ಹಾಗೆ ಕಾಣುತ್ತಿತ್ತು. ಅಂಚೆ ಕಚೇರಿಯ ಮುಂದೆ ಟ್ರಾಫಿಕ್ ದೀಪ ಕೆಂಪಾಯಿತು. ಕಾರು ನಿಂತಿತು. ಕನ್ನಡಿ ನಡುಗಿತು, ಸೀಟು ನಡುಗಿತು, ಎಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೇಷ್ಟ್ರ ಬಾಯಿ ಅಭ್ಯಾಸದಂತೆ, ಕ್ಲಚ್ ಬೇಗ ಬಿಟ್ಟಿರಿ, ಎಂದಿತು.

ಲಾರಿ ಚಾಲಕ ತಿರುಗಿ ಅವರ ಮುಖ ನೋಡಿದ.

"ಕ್ಲಚ್ ಮೇಲೆ ನನ್ನ ಕಾಲೇ ಇಲ್ಲ ಮೇಷ್ಟ್ರೇ. ಗಾಡಿ ನ್ಯೂಟ್ರಲ್‌ನಲ್ಲಿದೆ."

ಮೇಷ್ಟ್ರು ಗೇರು ಹಿಡಿದು ಅಲ್ಲಾಡಿಸಿದರು. ಅದು ಸಡಿಲವಾಗಿ ಎರಡೂ ಕಡೆ ಓಲಾಡಿತು. ನ್ಯೂಟ್ರಲ್‌ನಲ್ಲಿರುವ ಗಾಡಿಯನ್ನು ಕ್ಲಚ್ ಆಫ್ ಮಾಡಲಾರದು. ಹಿಂದಿನಿಂದ ಹಾರ್ನ್‌ಗಳು ಶುರುವಾದವು. ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ಅವರು ಕಾರನ್ನು ನೇರ ಹೆಂಡತಿಯ ತಮ್ಮನ ಗ್ಯಾರೇಜಿಗೆ ಒಯ್ದರು. ಈ ಭಾವಮೈದ ಹಳೆಯ ಗಾಡಿಗಳ ಮೇಸ್ತ್ರಿ, ಹೊಸ ಗಾಡಿಗಳನ್ನು ಕಂಡರೆ ಮೂಗು ಮುರಿಯುವವನು. ಗಾಡಿ ನಿಂತಾಗ ಐಡ್ಲಿಂಗ್‌ನಲ್ಲಿ ಎಂಜಿನ್ ಉಳಿಯುತ್ತಿಲ್ಲ, ನಡುಗಿ ಆಫ್ ಆಗುತ್ತದೆ ಎಂದು ಮೇಷ್ಟ್ರು ಹೇಳಿದಾಗ ಅವನು ಬಾನೆಟ್ ಎತ್ತಿ, ಎಂಜಿನ್ ಚಾಲೂ ಮಾಡಿ, ಅದರ ಮೇಲೆ ಒಂದು ಲೋಟ ನೀರು ಇಟ್ಟ. ನೀರಿನ ಮೇಲೆ ಸಣ್ಣ ಗೆರೆ ಮೂಡುತ್ತಿತ್ತು, ಅಷ್ಟೇ. ಹತ್ತು ನಿಮಿಷ ಕಾದರು. ಆಫ್ ಆಗಲಿಲ್ಲ. ಆದರೂ ಪ್ಲಗ್ಗುಗಳನ್ನು ಬಿಚ್ಚಿ ನೋಡಿದ. ತುದಿಗಳು ಸುಣ್ಣದ ಹಾಗೆ ಬಿಳಿಚಿಕೊಂಡಿದ್ದವು. ಪೆಟ್ರೋಲು ಕಡಿಮೆ, ಗಾಳಿ ಜಾಸ್ತಿ ಎಂಬುದರ ಗುರುತು ಅದು. ಕಾರ್ಬೊರೇಟರಿನಲ್ಲಿ ಪೆಟ್ರೋಲು ಹರಿಯುವ ಸಣ್ಣ ಜೆಟ್‌ನಲ್ಲಿ ಕಸ ಕೂತಿರಬೇಕೆಂದು ಅದನ್ನು ಬಿಚ್ಚಿ, ಗಾಳಿ ಊದಿ, ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, ತಾನೇ ಒಂದು ಸುತ್ತು ಓಡಿಸಿಕೊಂಡು ಬಂದು ಕೊಟ್ಟ.

ಮರುದಿನ ಬೆಳಿಗ್ಗೆ ಎರಡನೆಯ ಪಾಠಕ್ಕೇ ಕಾರು ಮೂರು ಸಲ ಆಫ್ ಆಯಿತು.

ಮತ್ತೆ ಗ್ಯಾರೇಜು. ಈ ಸಲ ಪಾಯಿಂಟ್, ಕಂಡೆನ್ಸರ್, ಪೆಟ್ರೋಲ್ ಫಿಲ್ಟರ್ ಎಲ್ಲ ಬದಲಾದವು. ಕಾರ್ಬೊರೇಟರಿನ ಕೆಳಗಿನ ಪ್ಯಾಕಿಂಗ್‌ನಲ್ಲಿ ಗಾಳಿ ಎಳೆಯುತ್ತಿದೆಯೇ ಎಂದು ಸುತ್ತಲೂ ಎಣ್ಣೆ ಸವರಿ ನೋಡಿದ. ಇಲ್ಲ. ಲೋಟದ ನೀರು ಮೊದಲಿಗಿಂತ ಶಾಂತವಾಗಿತ್ತು. ಭಾವಮೈದ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತ.

"ಭಾವ, ನಿಮ್ಮ ಗಾಡಿ ನನ್ನ ಹತ್ರ ಬಂದ್ರೆ ತವರಿಗೆ ಬಂದ ಮಗಳ ಹಾಗೆ ನಗ್ತಾ ಇರುತ್ತೆ. ನಿಮ್ಮ ಮನೇಲೇ ಏನೋ ಕಷ್ಟ ಇದೆ ಅದಕ್ಕೆ."

ಮೇಷ್ಟ್ರು ನಗಲಿಲ್ಲ. ತಾನು ಓಡಿಸುವಾಗಲೂ ಆಫ್ ಆಗುವುದಿಲ್ಲ, ಕಲಿಯಲು ಬಂದವರು ಓಡಿಸುವಾಗ ಮಾತ್ರ, ಎಂದರು. ಅದೂ ನಿಜವೇ. ಹಳೆಯ ಪೆಟ್ರೋಲ್ ಕಾರುಗಳಿಗೆ ಪಳಗಿದವರು ನಿಲ್ಲಿಸುವಾಗ ಹಿಮ್ಮಡಿ ಬ್ರೇಕಿನ ಮೇಲಿಟ್ಟು ಪಾದದ ಅಂಚಿನಿಂದ ಸ್ವಲ್ಪ ಆಕ್ಸಿಲರೇಟರ್ ಕೊಡುತ್ತಲೇ ಇರುತ್ತಾರೆ. ಮೇಸ್ತ್ರಿಗಳೂ ಹಾಗೆಯೇ. ಅವರ ಕಾಲಡಿಯಲ್ಲಿ ಎಂಜಿನ್ನಿಗೆ ಸುಮ್ಮನಿರುವ ಅವಕಾಶವೇ ಸಿಗುವುದಿಲ್ಲ, ಹಾಗಾಗಿ ಅದರ ರೋಗವೂ ಕಾಣುವುದಿಲ್ಲ. ಭಾವಮೈದ, ಭಾನುವಾರ ಮನೆಗೇ ಬರುತ್ತೇನೆ, ನೀವು ಪಾಠ ಮಾಡುವ ಹಾಗೆಯೇ ಮಾಡಿ, ನಾನು ಹಿಂದೆ ಕೂತಿರುತ್ತೇನೆ ಎಂದ.

ಭಾನುವಾರ ಗಿರಣಿಗೆ ರಜೆ. ಈಗೀಗ ಕಲಿಯುವವರಿಗೂ ರಜೆ. ಹಾಗಾಗಿ ಸ್ಟಿಯರಿಂಗ್ ಹಿಂದೆ ಕೂರಲು ಉಳಿದವಳು ಮೇಷ್ಟ್ರ ಹೆಂಡತಿ ಒಬ್ಬಳೇ. ಶಾಲೆಯ ಮೂರನೆಯ ವರ್ಷ ಆಕೆ ಗಂಡನ ಬಳಿ ಹನ್ನೊಂದು ದಿನ ಕಲಿತು ಬಿಟ್ಟಿದ್ದಳು. ಈಗ ಕೈಗಂಟಿದ ಅಂಟನ್ನು ಉಜ್ಜಿಕೊಳ್ಳುತ್ತ ಬಂದು, ಸೀಟು ಮುಂದೆ ಎಳೆದುಕೊಂಡು ಕುಳಿತಳು. ಆಕೆಯ ತಮ್ಮ ಹಿಂದಿನ ಸೀಟಿನಲ್ಲಿ. ಮೇಷ್ಟ್ರು ಎಂದಿನಂತೆ ಪಕ್ಕದ ಸೀಟಿನಲ್ಲಿ.

"ಮೆಲ್ಲಗೆ ಅಕ್ಕ. ಹಿಂದೆ ನಿನ್ನ ಒಬ್ಬನೇ ತಮ್ಮ ಇದ್ದಾನೆ" ಎಂದ ಅವನು.

"ಪಕ್ಕದಲ್ಲಿ ಒಬ್ಬನೇ ಗಂಡ. ಯಾರಿಗೆ ಅಂತ ಹೆದರಲಿ?"

ಓಣಿ ಖಾಲಿಯಿತ್ತು. ಆಕೆ ಗೇರು ಹಾಕದೆ ಎಂಜಿನ್ ಚಾಲೂ ಮಾಡಿದಳು. ಗಿರಣಿಯ ಸದ್ದಿಲ್ಲದ ಓಣಿಯಲ್ಲಿ ಆ ಎಂಜಿನ್ ಹೇಗೆ ಕೇಳಿಸುತ್ತದೆಂಬುದು ಮೇಷ್ಟ್ರಿಗೇ ಹೊಸದು. ಮೊದಲು ಸಮವಾಗಿತ್ತು. ಆಮೇಲೆ ಒಂದು ಬಡಿತ ತಪ್ಪಿತು, ಇನ್ನೊಂದು ತಪ್ಪಿತು, ಮುಂದಿನ ಗಾಜು ಗಲಗಲ ಎಂದಿತು, ಆಫ್ ಆಯಿತು. ನಾನು ಏನನ್ನೂ ಮುಟ್ಟಿಲ್ಲ ಎಂದು ಹೆಂಡತಿ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿ ಇಟ್ಟುಕೊಂಡಳು. ಮತ್ತೆ ಸ್ಟಾರ್ಟ್ ಮಾಡಲು ಹೇಳಿ ಭಾವಮೈದ ಎರಡು ಸೀಟಿನ ನಡುವೆ ತಲೆ ತೂರಿಸಿದ. ಅವನು ಎಂಜಿನ್ ಕಡೆ ನೋಡುತ್ತಿರಲಿಲ್ಲ, ಕೆಳಗೆ ನೋಡುತ್ತಿದ್ದ. ಎಂಜಿನ್ ನಡುಗತೊಡಗಿತು.

"ಭಾವ, ಕಾಲೆತ್ತಿ."

ಮೇಷ್ಟ್ರಿಗೆ ಅರ್ಥವಾಗಲಿಲ್ಲ. ಅವನು ಮತ್ತೆ ಹೇಳಿದ. ಅವರು ಕಾಲೆತ್ತಿದರು. ಎಂಜಿನ್ ಒಂದೇ ಉಸಿರಿಗೆ ಸರಿಹೋಯಿತು.

"ಇಡಿ."

ಇಟ್ಟರು. ಎಲ್ಲಿಂದಲೋ ಸುಂಯ್ ಎಂದು ಗಾಳಿ ಎಳೆದುಕೊಳ್ಳುವ ಸದ್ದು, ಅದರ ಹಿಂದೆಯೇ ನಡುಕ. "ಎತ್ತಿ" ಎಂದ. ಶಾಂತ. "ಇಡಿ" ಎಂದ. ನಡುಕ. ಐದಾರು ಸಲ ಹಾಗೆ ಮಾಡಿಸಿದ. ಗೇಟಿನಲ್ಲಿ ನಿಂತು ನೋಡುತ್ತಿದ್ದ ಪಕ್ಕದ ಮನೆಯವರಿಗೆ ಮೇಷ್ಟ್ರು ಕಾಲಿನ ವ್ಯಾಯಾಮ ಮಾಡುತ್ತಿರುವಂತೆ ಕಂಡಿರಬೇಕು.

ಆಮೇಲೆ ಅವನು ಇಳಿದು ಬಾನೆಟ್ ಎತ್ತಿದ. ಎಂಜಿನ್ನಿನಿಂದ ಬ್ರೇಕಿನ ದುಂಡಗಿನ ಡಬ್ಬಿಗೆ ಹೋಗುವ ಒಂದು ರಬ್ಬರ್ ಪೈಪಿಗೆ ಬಟ್ಟೆ ಸುತ್ತಿ, ಇಕ್ಕಳದಿಂದ ಬಿಗಿಯಾಗಿ ಹಿಸುಕಿ ಹಿಡಿದು, ಈಗ ಎಷ್ಟು ಬೇಕೋ ಅಷ್ಟು ಒತ್ತಿ ಎಂದು ಕೂಗಿದ. ಮೇಷ್ಟ್ರು ಕಾಲಿಟ್ಟರು, ಒತ್ತಿದರು. ಎಂಜಿನ್ ಅಲುಗಾಡಲಿಲ್ಲ.

ವಿಷಯ ಇಷ್ಟೇ. ಬ್ರೇಕ್ ಒತ್ತಲು ಕಾಲಿಗೆ ಬಲ ಸಾಲದೆಂದು ಆ ಡಬ್ಬಿ ಎಂಜಿನ್ನಿನ ಎಳೆತವನ್ನು ಸಾಲ ಪಡೆದು ಸಹಾಯ ಮಾಡುತ್ತದೆ. ಅದರೊಳಗೆ ಒಂದು ರಬ್ಬರಿನ ಪರದೆ ಇದೆ. ಪರದೆ ಹರಿದಿತ್ತು. ಬ್ರೇಕಿನ ಮೇಲೆ ಕಾಲು ಬಿದ್ದಾಗೆಲ್ಲ ಹೊರಗಿನ ಗಾಳಿ ಆ ಹರಕಿನಿಂದ ನುಗ್ಗಿ ಎಂಜಿನ್ನಿನ ಹೊಟ್ಟೆ ಸೇರುತ್ತಿತ್ತು. ವೇಗದಲ್ಲಿದ್ದಾಗ ಎಂಜಿನ್ ತಡೆದುಕೊಳ್ಳುತ್ತಿತ್ತು, ನಿಂತಾಗ ಸಾಯುತ್ತಿತ್ತು. ಗ್ಯಾರೇಜಿನಲ್ಲಿ ನಿಂತ ಕಾರಿನ ಬ್ರೇಕನ್ನು ಯಾರೂ ಒತ್ತಿರುವುದಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕುಳಿತರೆ ಸದಾ ಒತ್ತಿರುತ್ತದೆ.

"ಈ ಸಲ ನೆಲವೇ ಡೊಂಕಿತ್ತು ಭಾವ" ಎಂದ ಭಾವಮೈದ, ಕೈ ಒರೆಸಿಕೊಳ್ಳುತ್ತ.

ಪರದೆ ಹರಿದು ಎಷ್ಟು ದಿನವಾಗಿರಬಹುದೆಂದು ಮೇಷ್ಟ್ರು ಕೇಳಿದರು. ಅವನು ಡಬ್ಬಿ ಬಿಚ್ಚಿ ರಬ್ಬರಿನ ಅಂಚು ಮುಟ್ಟಿ ನೋಡಿ ಐದು ತಿಂಗಳೋ ಆರೋ ಎಂದ. ಮೊದಮೊದಲು ಕೂದಲೆಳೆಯಷ್ಟು ಇದ್ದಿರಬೇಕು. ಮೇಷ್ಟ್ರು ಜಗುಲಿಯ ಮೇಲೆ ಕುಳಿತು ಆರು ತಿಂಗಳ ಮುಖಗಳನ್ನು ನೆನಪಿಸಿಕೊಂಡರು. ಹಲ್ಲಿನ ಡಾಕ್ಟರಿಣಿ, ಇಬ್ಬರು ಅಣ್ಣತಮ್ಮಂದಿರು, ನಿವೃತ್ತ ಗ್ರಂಥಪಾಲಕ, ಇನ್ನೂ ಕೆಲವರು. ಕೆಲವರು ಹೇಗೋ ಪಾಸಾಗಿದ್ದರು. ಕೆಲವರು ಬಿಟ್ಟುಹೋಗಿದ್ದರು. ಅವರೆಲ್ಲರಿಗೂ ಕಾಲು ಸರಿಯಿಲ್ಲವೆಂದು ಹೇಳಿದವರು ಇವರೇ. ಆದರೆ ದಿನ ಎಣಿಸಬೇಕಾದದ್ದು ಒಬ್ಬಳ ವಿಷಯದಲ್ಲಿ ಮಾತ್ರ. ತಿಂಗಳ ಕೊನೆಗೆ ಇನ್ನು ಎರಡು ವಾರವೂ ಉಳಿದಿರಲಿಲ್ಲ.

ಹೆಂಡತಿ ಟೀ ತಂದಿಟ್ಟು ಪಕ್ಕದಲ್ಲೇ ನಿಂತಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು" ಎಂದಳು. ಲೋಟವನ್ನು ಅವರ ಕಡೆ ಸರಿಸಿ ಕೇಳಿದಳು: "ನಾನು ಕಲಿಯೋವಾಗ ಆ ಡಬ್ಬಿ ಚೆನ್ನಾಗೇ ಇತ್ತಲ್ವಾ?"

"ಇತ್ತು."

"ಮತ್ತೆ ಆವಾಗ ತಪ್ಪು ಯಾರದ್ದು?"

ಟೀ ಆರಿತು. ಒಳಗೆ ಆಕೆ ರಟ್ಟು ಕತ್ತರಿಸುವ ಸದ್ದು ಕೇಳುತ್ತಿತ್ತು.

ಇನ್ನೊಂದು ನಿಯಮವಿತ್ತು. ಅದು ಮೇಷ್ಟ್ರಿಗೆ ಬಾಯಿಪಾಠ. ಪರೀಕ್ಷೆಯ ವೇಳೆ ಕಲಿಸುವವರು ಪಕ್ಕದಲ್ಲಿ ಕೂರಬಹುದು, ಎರಡನೆಯ ಬ್ರೇಕನ್ನು ಮುಟ್ಟಬಾರದು. ಅಭ್ಯರ್ಥಿಯ ತಪ್ಪಿಗೆ ಮುಟ್ಟಿದರೆ ಆ ಅಭ್ಯರ್ಥಿ ಫೇಲು. ಕಾರಣವಿಲ್ಲದೆ ಮುಟ್ಟಿದರೆ ಆ ಪರೀಕ್ಷೆಯೇ ರದ್ದು, ನಡೆಯಲಿಲ್ಲವೆಂದೇ ಲೆಕ್ಕ, ಬೇರೆ ದಿನ ಕೊಡಬೇಕು, ಮತ್ತು ಮುಟ್ಟಿದವರ ಕಲಿಸುವ ಪರವಾನಗಿ ಆರು ತಿಂಗಳು ಹೋಗುತ್ತದೆ. ಲಾಂಡ್ರಿ ಅಕ್ಕನ ಎರಡನೆಯ ಪರೀಕ್ಷೆಯಲ್ಲಿ ಪರೀಕ್ಷೆ ನಡೆಸುವ ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿದ್ದರು. ಅವರಿಗೆ ಮೇಷ್ಟ್ರ ಮೊಣಕಾಲು ಕೂಡ ಕಂಡಿರಲಿಲ್ಲ. ಕಾಲು ಎಲ್ಲಿತ್ತೆಂದು ಲೋಕದಲ್ಲಿ ಗೊತ್ತಿದ್ದದ್ದು ಮೇಷ್ಟ್ರಿಗೆ ಒಬ್ಬರಿಗೇ.

ಸೋಮವಾರ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲೈಸೆನ್ಸ್ ಕಚೇರಿಗೆ ಹೋದರು. ಬಸ್ಸಿನಲ್ಲಿ. ಇನ್ಸ್‌ಪೆಕ್ಟರ ಕೋಣೆಯಲ್ಲಿ ಕಡತಗಳು ಕಿಟಕಿಯ ಅರ್ಧದವರೆಗೆ ಏರಿದ್ದವು. ಮೇಜಿನ ಮೇಲೆ ಬಣ್ಣ ಹೋದ ಆಟಿಕೆ ಕಾರುಗಳಿದ್ದವು, ಅಡ್ಡರಸ್ತೆಯ ನಿಯಮ ವಿವರಿಸಲಿಕ್ಕೆ. ಮೇಷ್ಟ್ರು ನಿಂತೇ ಎಲ್ಲವನ್ನೂ ಹೇಳಿದರು. ಇನ್ಸ್‌ಪೆಕ್ಟರು ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು.

"ಗಾಡಿ ಸರಿ ಇರಲಿಲ್ಲ ಅಂತ ಬರೆದುಕೊಡಿ. ಸಾಕು."

"ಹಾಗೆ ಬರೆದ್ರೆ ಪರೀಕ್ಷೆ ರದ್ದಾಗುತ್ತಾ ಸರ್?"

"ಇಲ್ಲ. ಗಾಡಿ ಸರಿ ಇರಬೇಕಾದ್ದು ತಂದವರ ಜವಾಬ್ದಾರಿ."

"ಹಾಗಾದ್ರೆ ಕಾಲಿನ ವಿಷಯವೇ ಬರೀತೀನಿ."

ಇನ್ಸ್‌ಪೆಕ್ಟರು ಒಂದು ಆಟಿಕೆ ಕಾರನ್ನು ಬೆರಳಿನಿಂದ ಮುಂದೆ ತಳ್ಳಿ ಹಿಂದಕ್ಕೆ ತಂದರು. ಎಷ್ಟು ಒತ್ತಿದಿರಿ ಎಂದು ಕೇಳಿದರು. ಒತ್ತಲಿಲ್ಲ, ಇಟ್ಟಿದ್ದೆ ಎಂದರು ಮೇಷ್ಟ್ರು. ಇಡುವುದಕ್ಕೂ ಒತ್ತುವುದಕ್ಕೂ ನಮ್ಮಲ್ಲಿ ವ್ಯತ್ಯಾಸವಿಲ್ಲ ಎಂದರು ಇನ್ಸ್‌ಪೆಕ್ಟರು. ಎಂಜಿನ್ನಿಗೂ ಇರಲಿಲ್ಲ ಎಂದರು ಮೇಷ್ಟ್ರು. ಬಿಳಿ ಹಾಳೆ ಸಿಕ್ಕಿತು. ಅವರು ಒಂಬತ್ತು ಸಾಲು ಬರೆದು ಸಹಿ ಹಾಕಿದರು. ಮೊದಲ ಪರೀಕ್ಷೆಯಲ್ಲೂ ಮುಟ್ಟಿದ್ದಿರಾ ಎಂಬ ಪ್ರಶ್ನೆಗೆ, ಬಹುಶಃ, ಆದರೆ ಆಣೆ ಮಾಡಿ ಹೇಳಲಾರೆ ಎಂದರು. ಒಂದು ರದ್ದಾದರೆ ಮೂರು ತಿಂಗಳ ನಿಯಮ ತಾಗುವುದಿಲ್ಲ, ಅಷ್ಟು ಸಾಕಾಗಿತ್ತು. ಹೊಸ ಪರೀಕ್ಷೆ ಗುರುವಾರಕ್ಕೆ ನಿಗದಿಯಾಯಿತು. ಎರಡನೆಯ ಪೆಡಲನ್ನು ಬಿಚ್ಚಿ ತರಬೇಕು, ಹತ್ತು ವರ್ಷ ಹಳೆಯ ಲೈಸೆನ್ಸ್ ಇರುವ ಬೇರೆ ಯಾರಾದರೂ ಪಕ್ಕದಲ್ಲಿ ಕೂರಬೇಕು, ಮೇಷ್ಟ್ರು ತಮ್ಮ ಕಲಿಸುವ ಪರವಾನಗಿಯ ಕಾರ್ಡನ್ನು ಆ ಗುರುವಾರವೇ ಒಪ್ಪಿಸಬೇಕು. ಇಷ್ಟೂ ಆ ಹಾಳೆಯ ಕೆಳಗೆ ಇನ್ಸ್‌ಪೆಕ್ಟರ ಸಣ್ಣ ಅಕ್ಷರದಲ್ಲಿ ಸೇರಿತು.

ಅಲ್ಲಿಂದ ಆಸ್ಪತ್ರೆ. ಲಾಂಡ್ರಿ ಇದ್ದದ್ದು ಹಿಂಭಾಗದಲ್ಲಿ, ಬಾಯ್ಲರಿನ ಪಕ್ಕ. ಒಳಗೆ ಹಬೆ, ಸೋಪಿನ ಮತ್ತು ಬಿಸಿ ಹತ್ತಿಯ ವಾಸನೆ. ಆಕೆ ಒಣಗಿದ ಹಾಸಿಗೆ ಬಟ್ಟೆಗಳನ್ನು ಮಡಿಸುತ್ತಿದ್ದಳು. ಆ ಬಟ್ಟೆಗಳನ್ನು ಮಡಿಸಲು ಇಬ್ಬರು ಬೇಕು. ಜೊತೆಯವಳು ಊಟಕ್ಕೆ ಹೋಗಿದ್ದಳು. ಆಕೆ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿ, ಎಡಗೈಯಿಂದ ಇನ್ನೊಂದನ್ನು ಎಳೆಯುತ್ತಿದ್ದಳು. ಮೇಷ್ಟ್ರು ಮೊಳೆಯಿಂದ ಆ ತುದಿಯನ್ನು ಬಿಡಿಸಿ ಹಿಡಿದುಕೊಂಡರು. ಆಕೆ ಎಳೆದಳು, ಇವರು ಎಳೆದರು. ಆಕೆ ಎರಡು ಹೆಜ್ಜೆ ಮುಂದೆ ಬಂದು ಇವರ ಕೈಯಿಂದ ತುದಿ ತೆಗೆದುಕೊಂಡು ಹಿಂದೆ ಸರಿದಳು. ನಾಲ್ಕು ಬಟ್ಟೆಗಳಾದ ಮೇಲೆ ಅವರು ಮಾತು ಶುರುಮಾಡಿದರು. ಡಬ್ಬಿಯ ವಿಷಯ, ಪರದೆಯ ವಿಷಯ, ಪೈಪಿನ ವಿಷಯ, ಪೆಡಲಿನ ಮೇಲಿದ್ದ ಕಾಲಿನ ವಿಷಯ ಹೇಳಿದರು. ಗುರುವಾರದ ವಿಷಯ ಹೇಳಿದರು. ಎಂಜಿನ್ನಿನ ಬಗ್ಗೆ ಅವರು ಬಹಳ ಚೆನ್ನಾಗಿ ವಿವರಿಸಿದರು. ಬೇರೆ ಯಾವುದರ ಬಗ್ಗೆಯೂ ಅಲ್ಲ.

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮುಗಿಸಿದಳು.

"ಅಂದ್ರೆ ಎರಡು ಸಲಾನೂ ನನ್ನ ಕಾಲಲ್ಲ."

"ಎರಡನೇ ಸಲ ಖಂಡಿತ ಅಲ್ಲ. ಮೊದಲನೇದು ಗೊತ್ತಿಲ್ಲ."

"ನನಗೆ ಗೊತ್ತಿತ್ತು ಮೇಷ್ಟ್ರೇ" ಎಂದಳು ಆಕೆ. "ನೀವು ಹೇಳಿದ ಮೇಲೆ ಗೊತ್ತಿಲ್ಲ ಅನ್ನಿಸ್ತು."

ಮೇಷ್ಟ್ರು ಮುಂದಿನ ಬಟ್ಟೆಯ ತುದಿಗಳನ್ನು ಹುಡುಕುತ್ತಿದ್ದರು. ಸಿಕ್ಕಲು ಸಮಯ ಹಿಡಿಯಿತು. ಆಕೆ, ಪಕ್ಕದಲ್ಲಿ ಯಾರು ಕೂರುತ್ತಾರೆ ಎಂದು ಕೇಳಿದಳು. ನನ್ನ ಹೆಂಡತಿಯ ತಮ್ಮ, ಮೇಸ್ತ್ರಿ, ಎಂದರು. ಅವನು ಕಾಲು ಎಲ್ಲಿಡುತ್ತಾನೆ ಎಂದು ಆಕೆ ಕೇಳಿದಾಗ ಅದು ತಮಾಷೆಯೋ ಅಲ್ಲವೋ ಅವರಿಗೆ ತಿಳಿಯಲಿಲ್ಲ. ಬರುತ್ತೇನೆಂದು ಆಕೆ ಹೇಳಲಿಲ್ಲ. ಹೊರಡುವಾಗ ಮಾತ್ರ, ಸಂಜೆ ಐದೂವರೆಗೆ ನನ್ನ ಪಾಳಿ ಮುಗಿಯುತ್ತದೆ ಎಂದಳು.

ಮಂಗಳವಾರವೂ ಬುಧವಾರವೂ ಐದೂವರೆಗೆ ಕಾರು ಆಸ್ಪತ್ರೆಯ ಹಿಂದಿನ ಗೇಟಿನಲ್ಲಿತ್ತು. ಹೊಸ ಡಬ್ಬಿ ಹಾಕಿದ್ದಾಗಿತ್ತು. ಎರಡನೆಯ ಪೆಡಲು ಇದ್ದ ಜಾಗದಲ್ಲಿ ಮ್ಯಾಟಿನ ಮೇಲೆ ಸವೆದ ಒಂದು ಗುರುತು, ಎರಡು ಬೋಲ್ಟಿನ ತೂತು. ಭಾವಮೈದ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಅವನು ಕಲಿಸಿದ್ದೇನೂ ಇಲ್ಲ. ಹಳೆಯ ಗಾಡಿಗಳ ಕಥೆ ಹೇಳುತ್ತ, ಮಧ್ಯೆ ಮಧ್ಯೆ ಎಡಕ್ಕೆ, ಬಲಕ್ಕೆ ಎನ್ನುತ್ತ ಊರೆಲ್ಲ ಸುತ್ತಿಸಿದ. ಮೇಷ್ಟ್ರು ಎರಡೂ ದಿನ ಆಸ್ಪತ್ರೆಯ ಗೇಟಿನಲ್ಲೇ ಉಳಿದು ಕಾರು ಹಿಂದಿರುಗುವವರೆಗೆ ಕಾವಲುಗಾರನ ಬೆಂಚಿನ ಮೇಲೆ ಕುಳಿತಿದ್ದರು. ಮೊದಲ ದಿನ ನಲವತ್ತು ನಿಮಿಷ. ಎರಡನೆಯ ದಿನ ಒಂದು ಗಂಟೆ ದಾಟಿತು. ಒಂದು ಸಲವೂ ಆಫ್ ಆಗಲಿಲ್ಲ ಎಂದು ಭಾವಮೈದ ಹೇಳಿದ. ಆಕೆ ಕೀ ಕೊಟ್ಟಳು.

ಗುರುವಾರ ಹತ್ತೂವರೆಗೆ ಆಕೆಯ ಸರದಿ ಬಂತು. ಮೇಷ್ಟ್ರು ಕಚೇರಿಯ ವರಾಂಡದಲ್ಲಿ, ಮೈದಾನ ಅರ್ಧ ಕಾಣುವ ಜಾಗದಲ್ಲಿ ನಿಂತಿದ್ದರು. ನಿಲ್ಲುಗೆರೆ ಕಾಣುತ್ತಿತ್ತು, ದಿಣ್ಣೆ ಕಾಣುತ್ತಿರಲಿಲ್ಲ. ಬಿಳಿಯ ಕಾರು ಗೆರೆಯ ಬಳಿ ಬಂದು ನಿಂತಿತು. ಅದರ ಕೆಂಪು ದೀಪಗಳು ಹತ್ತಿದವು. ಅಷ್ಟು ದೂರದಿಂದ ಎಂಜಿನ್ ಕೇಳಿಸುವಂತಿರಲಿಲ್ಲ. ಹೊಗೆಕೊಳವೆಯ ತುದಿಯಲ್ಲಿ ಗಾಳಿ ಸಣ್ಣಗೆ ಅಲುಗುತ್ತಿತ್ತು. ಅದನ್ನೇ ನೋಡುತ್ತಿದ್ದರು. ದೀಪಗಳು ಆರಿದವು, ಕಾರು ಮುಂದೆ ಸರಿದು ಗೋಡೆಯ ಮರೆಯಾಯಿತು. ದಿಣ್ಣೆಯ ಮೇಲೆ ಎಷ್ಟು ಹೊತ್ತು ನಿಂತಿತೋ ಅವರಿಗೆ ಗೊತ್ತಾಗಲಿಲ್ಲ. ಮತ್ತೆ ಕಂಡಾಗ ಅದು ಗೇಟಿನ ಕಡೆಗೆ ಬರುತ್ತಿತ್ತು. ಭಾವಮೈದ ಕಿಟಕಿಯಿಂದ ಕೈ ಹೊರಗೆ ಹಾಕಿ ಕಾರಿನ ಬಾಗಿಲು ತಟ್ಟುತ್ತಿದ್ದ, ಕುದುರೆಯ ಕತ್ತು ತಟ್ಟುವ ಹಾಗೆ.

ಕಾಗದಕ್ಕೆ ಮೊಹರು ಬೀಳಲು ಕಾಲು ಗಂಟೆ ಹಿಡಿಯಿತು. ಮೇಲ್ವಿಚಾರಕರಿಗೆ ಮಧ್ಯಾಹ್ನವೇ ತೋರಿಸಬೇಕೆಂದು ಆಕೆ ಅದನ್ನು ಎರಡೇ ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡಳು. ವರಾಂಡದ ಮೆಟ್ಟಿಲ ಬಳಿ ಬಂದು ನಿಂತಳು.

"ಆವತ್ತು ಬಟ್ಟೆ ಮಡಿಸ್ತಾ ಏನೋ ಹೇಳ್ಬೇಕು ಅಂತಿದ್ರಿ, ಮೇಷ್ಟ್ರೇ. ಹೇಳಲೇ ಇಲ್ಲ."

ಮೇಷ್ಟ್ರು ಜೇಬಿನಲ್ಲಿ ಏನನ್ನೋ ಹುಡುಕುವವರಂತೆ ಕೈ ಹಾಕಿದರು. ಒಳಗಿನಿಂದ ಕಚೇರಿಯ ಜವಾನ ಬಾಗಿಲ ಬಳಿ ಬಂದು, ಸಾಹೇಬರು ನಿಮ್ಮ ಕಾರ್ಡ್ ಕೇಳುತ್ತಿದ್ದಾರೆ ಎಂದು ಕೂಗಿ ಹೋದ.

"ಬಂದೆ" ಎಂದರು ಅವನಿಗೆ. ಆಮೇಲೆ ಆಕೆಯ ಮುಖ ನೋಡದೆ, "ಎಲ್ಲರ ಕಾಲಿಗೂ ಗಾಡಿ ಒಲಿಯಲ್ಲ ಅಂದಿದ್ದೆನಲ್ಲಮ್ಮ, ಅದು ನಿಮ್ಮ ಕಾಲು ನೋಡಿ ಹೇಳಿದ ಮಾತಲ್ಲ, ಒಂದು ಉಯ್ಯಾಲೆ ನೋಡಿದ ದಿನದಿಂದ ಹೆದರಿದ್ದು ನನ್ನ ಕಾಲು..." ಎನ್ನುತ್ತ, ಕಾರ್ಡನ್ನು ಜೇಬಿನಿಂದ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡು, ಅವರು ಒಳಗಿನ ಕೋಣೆಯ ಕಡೆಗೆ ನಡೆದರು.